ಭುಜದ ಹೊಲಿಗೆ

“ಇದಕ್ಕಿಂತ ದೊಡ್ಡದು ಮಾಡಿದ್ರೆ ಬರೀ ಚುಕ್ಕೆ ಕಾಣುತ್ತೆ ಕಣಮ್ಮ,” ಎಂದು ಸ್ಟುಡಿಯೋದವನು ಕಂಪ್ಯೂಟರಿನ ಪರದೆಯನ್ನು ಟೈಲರಮ್ಮನ ಕಡೆ ತಿರುಗಿಸಿದ. ಪರದೆಯ ತುಂಬ ಒಂದು ಟೋಪಿ, ಟೋಪಿಯ ನಡುವೆ ಒಂದು ಬಿಲ್ಲೆ, ಬಿಲ್ಲೆಯೊಳಗೆ ಸಿಂಹ, ಸಿಂಹದ ಸುತ್ತ ಎಲೆಗಳು. “ಸಿಂಹವೇ. ಅದರಲ್ಲೇನೂ ಅನುಮಾನ ಇಲ್ಲ.”

“ಸಿಂಹ ಅಂತ ನಂಗೂ ಗೊತ್ತು. ಚಿಕ್ಕವಳಿದ್ದಾಗ ಸ್ಲೇಟಿನ ಮೇಲೆ ಇದನ್ನೇ ಬರೀತಿದ್ದೆ. ಯಾವ ರೆಜಿಮೆಂಟಿನ ಸಿಂಹ ಅಂತ ಗೊತ್ತಾಗ್ಬೇಕು.”

ಫೋಟೋದಲ್ಲಿದ್ದ ಸೈನಿಕ ಅವಳ ತಾಯಿಯ ಅಪ್ಪ. ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಯುದ್ಧಕ್ಕೆ ಹೋದ. ಆಮೇಲೆ ಸತ್ತನೆಂದು ಒಂದು ಸಾಲಿನ ತಂತಿ ಬಂತು, ಅಷ್ಟೇ. ಆ ಕೂಸಿಗೆ ಈಗ ಎಪ್ಪತ್ತೇಳು. ಆಸ್ಪತ್ರೆಯ ಹಾಸಿಗೆ ಹಿಡಿದಿದ್ದಾಳೆ, ಡಾಕ್ಟರು ಇನ್ನೊಂದು ತಿಂಗಳು ಅಂದಿದ್ದಾರೆ. ಅಪ್ಪನನ್ನು ಎಲ್ಲಿ ಮಣ್ಣು ಮಾಡಿದರು ಅಂತ ತಿಳಿದುಕೊಂಡೇ ಹೋಗುತ್ತೇನೆ ಅನ್ನುವುದು ಅವಳ ಹಟ. ಸೈನ್ಯದ ದಾಖಲೆ ಕಚೇರಿಗೆ ಬರೆದದ್ದಾಯಿತು. ಅದೇ ಹೆಸರಿನವರು ನಲವತ್ತೊಂದು ಜನ ಸತ್ತಿದ್ದಾರೆ, ರೆಜಿಮೆಂಟು ತಿಳಿಸಿದರೆ ಹುಡುಕುತ್ತೇವೆ, ಎಂದು ಉತ್ತರ ಬಂತು. ತಪ್ಪೇನಿಲ್ಲ, ಪಾಪ, ಅವರಾದರೂ ಏನು ಮಾಡಿಯಾರು.

ಟೈಲರಮ್ಮ ಮೊದಲು ಹೋದದ್ದು ತನ್ನ ಬೀದಿಯಲ್ಲೇ ಇದ್ದ ಒಬ್ಬ ನಿವೃತ್ತ ಸಿಪಾಯಿಯ ಮನೆಗೆ. ಅವನ ಹತ್ತಿರ ಬಿಲ್ಲೆಗಳ ಚಿತ್ರವಿರುವ ದಪ್ಪ ಪುಸ್ತಕವಿತ್ತು. ಎರಡು ಸಲ ಮಗುಚಿ ಹಾಕಿದ. “ಸೈನ್ಯದ ಸಿಂಹ ಅಂದ್ರೆ ಗುರ್ ಅನ್ಬೇಕು. ಇದು ನಗ್ತಾ ಇದೆಯಲ್ಲಮ್ಮ. ಹೋಗ್ಲಿ, ಭುಜದ ಮೇಲೆ ಹಿತ್ತಾಳೆ ಅಕ್ಷರದಲ್ಲಿ ರೆಜಿಮೆಂಟಿನ ಹೆಸರಾದ್ರೂ ಇರ್ಬೇಕಿತ್ತು, ಅದೂ ಇಲ್ಲ,” ಎಂದು ಕೈಚೆಲ್ಲಿದ. ಬಿಲ್ಲೆಯನ್ನು ದೊಡ್ಡದು ಮಾಡಿಸಿದರೆ ಏನಾದರೂ ತಿಳಿದೀತೆಂದು ಅವಳು ಇವತ್ತು ಇಲ್ಲಿಗೆ ಬಂದಿದ್ದಳು.

ಮೂಲೆಯ ಸ್ಟೂಲಿನ ಮೇಲೆ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಕೂತಿದ್ದ ಮುದುಕರು, ಸ್ಟುಡಿಯೋದವನ ಅಪ್ಪ, “ಇಲ್ಲಿ ಕೊಡು ನೋಡೋಣ” ಎಂದು ಕೈಚಾಚಿದರು. ಚೌಕಟ್ಟನ್ನು ಮಗುಚಿ, ಹಿಂದಿನ ರಟ್ಟಿನ ಮೇಲಿದ್ದ ಮಾಸಿದ ಮುದ್ರೆ ನೋಡಿದರು. ಮುಖ ಅರಳಿತು.

“ಇದು ನನ್ನ ಕೈಕೆಲಸ. ನಿಮ್ಮಜ್ಜಿ ಬಂದಿದ್ರು, ಮಗಳ ಮದುವೆಗೆ ಅವರಪ್ಪ ಗೋಡೆ ಮೇಲಾದ್ರೂ ಇರ್ಲಿ ಅಂತ. ತಂದಿದ್ದು ಅಂಗೈಯಗಲದ ಒಂದು ಫೋಟೋ, ತೇವ ಹಿಡಿದು ಹಾಳಾಗಿತ್ತು. ಆರು ದಿನ ಕೂತು ತಿದ್ದಿದೀನಿ. ಹುಡುಕು, ಒಂದು ಕಲೆ ಸಿಗಲ್ಲ.”

ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು. “ಹಾಗಾದ್ರೆ ಹಳೇ ಫೋಟೋ ನೀವು ನೋಡಿದೀರಿ. ಬಿಲ್ಲೆ ಅದರಲ್ಲೂ ಹೀಗೇ ಇತ್ತಾ ಯಜಮಾನ್ರೇ?”

ಮುದುಕರು ಕತ್ತರಿಯನ್ನು ಕೆಳಗಿಟ್ಟರು. “ಅಲ್ಲಿ ತೂತು ಬಿದ್ದಿತ್ತು ತಾಯಿ. ಸೈನಿಕನ ಟೋಪಿ ಬೋಳಾಗಿದ್ರೆ ಚೆನ್ನಾಗಿರಲ್ಲ ಅಂತ... ಮೇಜಿನ ಮೇಲೆ ಬೂಟ್ ಪಾಲಿಶ್ ಡಬ್ಬಿ ಇತ್ತು. ಇದು ಅದರ ಮುಚ್ಚಳದ ಸಿಂಹ.” ಕತ್ತರಿಯನ್ನು ಮತ್ತೆ ಎತ್ತಿಕೊಂಡು, “ಎಲೆ ಮಾತ್ರ ನಂದೇ,” ಎಂದರು.

ಮಗ ಹಣೆ ಹಣೆ ಚಚ್ಚಿಕೊಂಡ. ಆದರೆ ಆ ಕಾಲದಲ್ಲಿ ಫೋಟೋ ತಿದ್ದುವವರ ಕಸುಬೇ ಹಾಗಿತ್ತು. ಕೋಟಿಲ್ಲದವನಿಗೆ ಕೋಟು ತೊಡಿಸುವುದು, ಬೋಳುತಲೆಗೆ ಕೂದಲು ಬರೆಯುವುದು, ಸತ್ತ ಗಂಡನನ್ನು ಬದುಕಿರುವ ಹೆಂಡತಿಯ ಪಕ್ಕ ಕೂರಿಸುವುದು. ಗಿರಾಕಿಗಳು ಕಣ್ಣೊರೆಸಿಕೊಂಡು, ಕೈಮುಗಿದು ಹೋಗುತ್ತಿದ್ದರು. ಐವತ್ತೇಳು ವರ್ಷದ ಮೇಲೆ ಯಾರೋ ಬಂದು, ಇದರಲ್ಲಿ ನಿಜ ಎಷ್ಟು ಅಂತ ಕೇಳುತ್ತಾರೆಂದು ಯಾರು ಕಂಡಿದ್ದರು.

ಟೈಲರಮ್ಮ ಫೋಟೋವನ್ನು ತನ್ನ ಕಡೆ ಎಳೆದುಕೊಂಡಳು. ಮೂವತ್ತು ವರ್ಷ ಬಟ್ಟೆ ಹೊಲಿದವಳು. ಎಂಥ ದುಃಖದಲ್ಲೂ ಕೋಟು ಕಂಡರೆ ಕಣ್ಣು ಹೊಲಿಗೆಗೇ ಹೋಗುತ್ತದೆ. ಮೇಜಿನ ಮೇಲಿದ್ದ ಭೂತಗನ್ನಡಿ ತೆಗೆದುಕೊಂಡು ಫೋಟೋದ ಮೇಲೆ ಬಗ್ಗಿದಳು. ಸೈನಿಕ ಓರೆಯಾಗಿ ಕೂತಿದ್ದ, ಕಾಣುತ್ತಿದ್ದದ್ದು ಒಂದೇ ಭುಜ.

“ಕಾಲರಿನ ಹೊಲಿಗೆ ಇದೆ. ಜೇಬಿನದೂ ಇದೆ. ಭುಜದ ಹೊಲಿಗೆ ಎಲ್ಲಿ ಹೋಯ್ತು? ತೋಳು ಕೂಡಿಸಿದ ಗುರುತೇ ಇಲ್ಲ. ಹೀಗೆ ಯಾವ ಟೈಲರಿಗೂ ಹೊಲಿಯೋಕಾಗಲ್ಲ.”

ಮುದುಕರು ಭೂತಗನ್ನಡಿ ಇಸಿದುಕೊಂಡರು. ನೋಡಿದರು, ಕಣ್ಣೊರೆಸಿಕೊಂಡು ಮತ್ತೆ ನೋಡಿದರು.

“ಅಲ್ಲೇನೋ ಇತ್ತು,” ಎಂದರು. “ಬೆಳ್ಳಗೆ, ಸಣ್ಣಸಣ್ಣದು, ಸಾಲಾಗಿ. ಮೂರೋ ನಾಲ್ಕೋ. ತೇವದ ಕಲೆ ಅಂದ್ಕೊಂಡು ಸಾಪಾಗಿ ಮುಚ್ಚಿಬಿಟ್ಟೆ.”

“ಸಾಲಾಗಿ ಅಂದ್ರೆ ಅಕ್ಷರ ಯಜಮಾನ್ರೇ. ರೆಜಿಮೆಂಟಿನ ಹೆಸರು. ಓದಲಿಲ್ವಾ ನೀವು?”

“ಕಲೇನ ಯಾರಮ್ಮ ಓದ್ತಾರೆ.”

ಹಳೆಯ ಫೋಟೋ ವಾಪಸ್ ಬೇಡ, ನೋಡಿದರೆ ಹೊಟ್ಟೆ ಉರಿಯುತ್ತದೆ ಅಂದಿದ್ದರಂತೆ ಅಜ್ಜಿ. ಅದು ಒಲೆಗೆ ಹೋಗಿತ್ತು. ಅಷ್ಟರಲ್ಲಿ ಮಗನಿಗೆ ಏನೋ ಹೊಳೆಯಿತು. “ಅಪ್ಪ, ತಿದ್ದೋಕೆ ಮುಂಚೆ ಹಳೇದರ ಫೋಟೋ ಹೊಡೀತಿದ್ರಲ್ಲ, ಗಾಜಿನ ಪ್ಲೇಟಲ್ಲಿ? ಅದರಲ್ಲಿ ಭುಜ ಹಾಗೇ ಇರುತ್ತೆ. ಆ ಪ್ಲೇಟೆಲ್ಲಿ?”

ಮುದುಕರು ಎದ್ದರು. ಗೋಡೆ ಹಿಡಿದುಕೊಂಡು ಹಿಂದಿನ ಕೋಣೆಗೆ ನಡೆದರು. ಇಬ್ಬರೂ ಹಿಂಬಾಲಿಸಿದರು. ಬೀರು ದಾಟಿತು, ಪೆಟ್ಟಿಗೆಗಳ ಸಾಲೂ ದಾಟಿತು. ಅವರು ನಿಂತದ್ದು ಕಿಟಕಿಯ ಮುಂದೆ. ಸಣ್ಣಸಣ್ಣ ಚೌಕಗಳ ಕಿಟಕಿ, ಇಪ್ಪತ್ತನಾಲ್ಕು ಗಾಜು.

“ಗಾಜು ಸಿಗದ ಕಾಲ. ಹಳೇ ಪ್ಲೇಟುಗಳನ್ನ ಬಿಸಿನೀರಿಗೆ ಸೋಡಾ ಹಾಕಿ ನಾನೇ ತಿಕ್ಕಿ ತೊಳೆದೆ,” ಎಂದರು. “ಆ ವರ್ಷದ್ದೆಲ್ಲ ಇಲ್ಲೇ ಇವೆ.”

ಟೈಲರಮ್ಮನ ಚೀಲದೊಳಗೆ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ; ದಿನಾ ಇದೇ ಹೊತ್ತಿಗೆ ಬರುತ್ತದೆ. ಎತ್ತಿದಳು. ಆ ಕಡೆಯ ಕ್ಷೀಣ ದನಿ ಕೋಣೆಗೆಲ್ಲ ಕೇಳಿಸಿತು: “ಗೊತ್ತಾಯ್ತೇನೇ?”

“ನೋಡ್ತಾ ಇದೀವಮ್ಮ,” ಎಂದಳು.

ತೊಳೆದುಹೋದ ಚಿತ್ರದ ನೆರಳಾದರೂ ಹಬೆಯಲ್ಲಿ ಮೂಡೀತೆಂದು ಮುದುಕರು ಮೊದಲನೆಯ ಗಾಜಿನ ಮೇಲೆ ಬಾಯಿಂದ ಊದಿ ಭೂತಗನ್ನಡಿ ಹಿಡಿದರು. ಹಬೆ ಆರಿತು. ಎರಡನೆಯದಕ್ಕೆ ಊದಿದರು, ಅದೂ ಆರಿತು. ಮೂರನೆಯದಕ್ಕೆ ಮಗ ಸ್ಟೂಲು ತಂದಿಟ್ಟ. ಹಿತ್ತಲಿನಲ್ಲಿ ತಂತಿಯ ಮೇಲೆ ಯಾರದೋ ಅಂಗಿಗಳು ಒಣಗುತ್ತಿದ್ದವು. ಗಾಜು ಅಷ್ಟು ಚೊಕ್ಕಟವಾಗಿತ್ತು, ಅವುಗಳ ಭುಜದ ಹೊಲಿಗೆಯೂ ಎಳೆಎಳೆಯಾಗಿ ಕಾಣುತ್ತಿತ್ತು.