ಡೆನ್ಜಿಲ್‌ನ ಎಡಗೈ

ಗಡ್ಡ ಬೋಳಿಸಿಕೊಂಡ ಮೇಲೇ ಪಿಯರ್ಸ್‌ಗೆ ಗದ್ದವೆಂಬುದೇ ಇಲ್ಲ ಅನ್ನುವುದು ಲೋಕಕ್ಕೆ ಗೊತ್ತಾದದ್ದು. ಹದಿನೈದು ವರ್ಷ ಆ ಗಡ್ಡದ ಮರೆಯಲ್ಲಿ, ಬಿಷಪ್ಪನ ಟೋಪಿ ಹಾಕಿಕೊಂಡು, ಪ್ಲೇಗಿನಲ್ಲಿ ಸತ್ತ ಗಂಟೆ ಎರಕದವನ ಕಥೆ ಹಾಡಿದ್ದ ಮನುಷ್ಯ ಈಗ ಗುಲಾಬಿ ಕೋಟಿನ ತೋಳನ್ನು ಮೊಳಕೈವರೆಗೆ ಮಡಚಿ, ಕೂದಲಿಗೆ ಅದೇನೋ ಅಂಟು ಬಳಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಕೆಂಟ್‌ನ ಆ ಹಳೇ ಹುಲ್ಲಿನ ಕೊಟ್ಟಿಗೆಯಲ್ಲೇ ಹಾಲೋ ಪ್ಯಾರಿಷ್ ರಾಕ್ ತಂಡ ಮೊದಲಿಂದಲೂ ಅಭ್ಯಾಸ ಮಾಡುತ್ತಿದ್ದದ್ದು. ಡ್ರಮ್ಮುಗಳ ಹಿಂದೆ ಕೂತಿದ್ದ ಡೆನ್ಜಿಲ್ ಪ್ಯಾಸ್ಕೋ ತನ್ನ ಹಾಡುಗಾರನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದ.

"ಯಾರ ಮದುವೇನಯ್ಯಾ?" ಅಂದ.

"ಕಾಲ ಬದಲಾಗಿದೆ ಕಣೋ ಡೆನ್."

"ಕಾಲ ಬದಲಾಗ್ಲಿ ಬಿಡು. ಅದಕ್ಕೆ ನಿನ್ನ ಮುಖ ಏನು ಪಾಪ ಮಾಡಿತ್ತು?"

ಬಾಸ್ ಗಿಟಾರಿನ ತಂತಿ ಬಿಗಿಯುತ್ತಿದ್ದ ಮಾಲ್ಕಮ್ ಕಿಸಕ್ಕನೆ ನಕ್ಕು, ಪಿಯರ್ಸ್ ತನ್ನ ಕಡೆ ತಿರುಗಿದ್ದು ನೋಡಿ ಕೆಮ್ಮಿದ. ಅವನೂ ಕೂದಲು ಕತ್ತರಿಸಿಕೊಂಡಿದ್ದ. ಕೀಬೋರ್ಡಿನ ಕ್ವೆಂಟಿನ್ ಅಂತೂ ಮನೆಯ ಒಂದು ಕೋಣೆಯಷ್ಟು ದೊಡ್ಡದಿದ್ದ ತನ್ನ ಹಳೇ ವಾದ್ಯವನ್ನು ಯಾವುದೋ ಶಾಲೆಗೆ ದಾನ ಮಾಡಿ, ಇಸ್ತ್ರಿ ಮೇಜಿನಂಥ ಒಂದು ಹಲಗೆ ತಂದಿಟ್ಟುಕೊಂಡಿದ್ದ. ಅದನ್ನು ಒಂದೇ ಬೆರಳಲ್ಲಿ ಬಾರಿಸಬಹುದಂತೆ. ಹತ್ತು ಬೆರಳಿಗೂ ಕೆಲಸ ಕೊಟ್ಟು ಬೆಳೆದವನು ಹೀಗೆ ಒಂದು ಬೆರಳಿಗಿಳಿದದ್ದಕ್ಕೆ ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

ಡೆನ್ಜಿಲ್‌ಗೆ ಹೊಸ ಕಾಲದಲ್ಲಿ ಯಾವುದೂ ಹಿಡಿಸುತ್ತಿರಲಿಲ್ಲ. ಏಳೆಂಟು ವರ್ಷದ ಹಿಂದೆ ಕಿವಿಗೆ ಪಿನ್ನು ಚುಚ್ಚಿಕೊಂಡ ಪಂಕ್ ಸಂಗೀತದ ಪೋರರು ಬಂದು ಇವರ ಮುಖಕ್ಕೇ ಉಗಿದರು. ಸರಿ, ಉಗಿಯುವುದಕ್ಕಾದರೂ ಬಾಯಲ್ಲಿ ಒಂದಿಷ್ಟು ಕಸುವು ಬೇಕು. ಈಗ ಬಂದಿರುವವರೋ, ತುಟಿಗೆ ಬಣ್ಣ ಹಚ್ಚಿಕೊಂಡು, ಗಾಳಿ ಬೀಸಿದರೆ ಬೀಳುವ ಹಾಗೆ ನಿಂತು, ಯಂತ್ರದ ಪಕ್ಕದಲ್ಲಿ ತಲೆ ಆಡಿಸುವ ಗೊಂಬೆಗಳು. ಎಲ್ಲ ಹಾಡಿಗೂ ಅದೇ ನಾಲ್ಕು ಪೆಟ್ಟು. ಒಂದು ಎರಡು ಮೂರು ನಾಲ್ಕು, ಒಂದು ಎರಡು ಮೂರು ನಾಲ್ಕು, ಹಸು ಮೇವು ಮೆಲುಕು ಹಾಕಿದ ಹಾಗೆ. ಮನುಷ್ಯನಿಗೆ ಎರಡು ಕಾಲಿದೆ ಅಂತ ಸಂಗೀತವೂ ಎರಡೇ ಕಾಲಲ್ಲಿ ನಡೆಯಬೇಕೇ? ಹಾಲೋ ಪ್ಯಾರಿಷ್ ನಡೆದದ್ದು ಏಳು ಪೆಟ್ಟಿನಲ್ಲಿ. ಬೇಕೆಂದಾಗ ಹನ್ನೊಂದು, ಹದಿಮೂರು. ಗ್ರಾಮಫೋನ್ ತಟ್ಟೆಯ ಒಂದಿಡೀ ಮಗ್ಗುಲನ್ನು ಒಂದೇ ಹಾಡು ತುಂಬುತ್ತಿತ್ತು. ಅರ್ಥವಾಗದವರು ಹೊರಗೆ ಹೋಗಿ ಬಿಯರ್ ಕುಡಿದು ಬರುತ್ತಿದ್ದರು. ಹೋಗಲಿ, ಅವರನ್ನು ಕರೆದವರ್ಯಾರು?

ಆದರೆ ಅಷ್ಟುದ್ದದ ಹಾಡಿನಲ್ಲಿ ನುಡಿಸುವವರೇ ದಾರಿ ತಪ್ಪುತ್ತಿದ್ದರು. ಪಿಯರ್ಸ್ ಬಿಷಪ್ಪನಾಗಿ ಆವೇಶ ಬಂದು ಸಾಲು ನುಂಗಿಬಿಡುತ್ತಿದ್ದ. ಮಾಲ್ಕಮ್ ಕಣ್ಣು ಮುಚ್ಚಿ ಎಲ್ಲೋ ಹೋಗಿಬಿಡುತ್ತಿದ್ದ. ಅದಕ್ಕೆ ತಂಡದಲ್ಲಿ ಮೊದಲಿಂದಲೂ ಒಂದು ಕಟ್ಟಲೆ ಇತ್ತು: ದಾರಿ ತಪ್ಪಿದರೆ ಡೆನ್ಜಿಲ್‌ನ ಎಡಗೈ ನೋಡು. ಅವನು ಎಡಗೈ ಕೋಲನ್ನು ಕಿವಿಯ ಮಟ್ಟಕ್ಕೆ ಎತ್ತಿದನೆಂದರೆ ಹಾಡಿನ ಮುಂದಿನ ಭಾಗ ಶುರು. ಎಲ್ಲಿದ್ದವರೂ ಅಲ್ಲಿಗೆ ಬಂದು ಬೀಳಬೇಕು. ಗಣಿ ಕಾರ್ಮಿಕರ ಮುಷ್ಕರದ ಕಾಲದಲ್ಲಿ ಲೀಡ್ಸ್‌ನಲ್ಲಿ ನಡು ಹಾಡಿಗೆ ಕರೆಂಟು ಹೋಗಿ, ಬಾಸೂ ಕೀಬೋರ್ಡೂ ಮೂಕವಾದಾಗ, ಕತ್ತಲಲ್ಲಿ ಅವನೊಬ್ಬನೇ ಬಾರಿಸುತ್ತಾ ಕೂತಿದ್ದ. ಎಷ್ಟೋ ಹೊತ್ತಿನ ಮೇಲೆ ದೀಪ ಬಂತು. ಎಡಗೈ ಮೇಲೆದ್ದಿತು. ಮೂವರೂ ಒಂದೇ ಏಟಿಗೆ ಬಂದು ಸೇರಿಕೊಂಡರು. ಜನ ಕುರ್ಚಿ ಹತ್ತಿ ನಿಂತು ಕೂಗಿದರು.

ಆ ಕೈಯೇ ಬೇಡ ಅನ್ನುವ ದಿನವೂ ಬಂತು.

ಆ ದಿನವನ್ನು ತಂದವನು ರೆಕಾರ್ಡ್ ಕಂಪನಿಯ ಗ್ಯಾರಿ. ಇನ್ನೂ ಮೊಡವೆ ಆರದ ಹುಡುಗ. ತಂಡದ ಮೊದಲ ತಟ್ಟೆ ಬಂದಾಗ ಪ್ರೈಮರಿ ಶಾಲೆಯಲ್ಲಿದ್ದನಂತೆ, ಅದನ್ನು ಬೇರೆ ಹೆಮ್ಮೆಯಿಂದ ಹೇಳಿಕೊಂಡ. ಬಿಸ್ಕತ್ತಿನ ಡಬ್ಬದಷ್ಟಿದ್ದ ಒಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದ. ಟಪ್ ಟಪ್ ಟಪ್ ಟಪ್.

"ಇದು ಡ್ರಮ್ಮರ್," ಅಂದ ಗ್ಯಾರಿ.

"ಓಹೋ. ಟೀ ಕುಡಿಯುತ್ತಾ?" ಅಂದ ಡೆನ್ಜಿಲ್.

"ಬೇಜಾರು ಮಾಡ್ಕೋಬೇಡಿ ಡೆನ್ಜಿಲ್. ನಿಮ್ಮ ಬಗ್ಗೆ ನಮಗೆ ತುಂಬಾ ಗೌರವ. ಆದ್ರೆ ಕಂಪನಿ ಕೊಡ್ತಿರೋದು ಇದೊಂದೇ ಚಾನ್ಸು. ಈ ಹಾಡು ಓಡ್ಲಿಲ್ಲ ಅಂದ್ರೆ ಒಪ್ಪಂದ ಮುಗೀತು, ಹಾಲೋ ಪ್ಯಾರಿಷ್ಷೂ ಮುಗೀತು. ಮೂರೂವರೆ ನಿಮಿಷ, ಕುಣಿಯೋ ಹಾಗಿರ್ಬೇಕು. ಜನಕ್ಕೆ ಎಣಿಸೋಕೆ ಪುರುಸೊತ್ತಿಲ್ಲ ಸಾರ್."

"ನಾಲ್ಕರ ತನಕ ಎಣಿಸ್ತಾರಲ್ಲ, ಅದೇ ದೊಡ್ಡದು."

ಯಾರೂ ನಗಲಿಲ್ಲ. ಡೆನ್ಜಿಲ್ ಮಾಲ್ಕಮ್ ಕಡೆ ನೋಡಿದ. ಇಬ್ಬರೂ ಒಂದೇ ಶಾಲೆ, ಒಂದೇ ಬೆಂಚು. ಮಾಲ್ಕಮ್ ತನ್ನ ಹೊಸ ಬಿಳಿ ಬೂಟಿನ ತುದಿ ನೋಡಿಕೊಳ್ಳುತ್ತಿದ್ದ.

"ರೆಕಾರ್ಡಿಗೆ ಮಾತ್ರ ಕಣೋ," ಅಂದ ಮಾಲ್ಕಮ್. "ಟಿವೀಲಿ ನೀನೇ ಕೂರ್ತೀಯ."

"ಕೂತು?"

"ಬಾರಿಸೋ ಥರ ಮಾಡ್ತೀಯ."

ಬಯ್ದಿದ್ದರೂ ಡೆನ್ಜಿಲ್‌ಗೆ ಇಷ್ಟು ನೋಯುತ್ತಿರಲಿಲ್ಲ. ಇವರಿಗೆ ನನ್ನ ಮುಖ ಸಾಕು, ಕೈ ಬೇಡ ಅಂದುಕೊಂಡ. ಆಮೇಲೆ, ಎಂದಿನಂತೆ, ಆ ನೋವಿನ ಮೇಲೆ ತಿರಸ್ಕಾರವನ್ನು ಎಳೆದು ಹೊದ್ದುಕೊಂಡ. ಅದು ಅವನಿಗೆ ಒಗ್ಗಿದ ಕಂಬಳಿ.

ಹಾಡು ತಯಾರಾಯಿತು. ಕೇಂಬ್ರಿಡ್ಜ್‌ನಲ್ಲಿ ಮಧ್ಯಯುಗದ ಚರಿತ್ರೆ ಓದಿದ್ದ ಪಿಯರ್ಸ್ ಅದಕ್ಕೆ ಪದ ಬರೆದ. ಒಬ್ಬ ಹುಡುಗಿ, ಒಂದು ಟೆಲಿಫೋನು, ಆಮೇಲೆ "ಇವತ್ತು ರಾತ್ರಿ, ಇವತ್ತು ರಾತ್ರಿ" ಅಂತ ಕೇಳುವವರ ತಲೆ ಚಿಟ್ಟು ಹಿಡಿಯುವವರೆಗೆ. ಅಷ್ಟೆಲ್ಲ ಓದಿ ಕೊನೆಗೆ ಬಂದು ಮುಟ್ಟಿದ್ದು ಇಲ್ಲಿಗೆ. ಡೆನ್ಜಿಲ್ ಒಂದು ಸಲ ಕೇಳಿ, "ಹುಡುಗಿ ಫೋನ್ ಎತ್ತದೇ ಇರೋದೇ ಒಳ್ಳೇದು" ಅಂದು ಎದ್ದುಹೋದ.

ಶನಿವಾರ ಸಂಜೆ ಲಂಡನ್ನಿನ ಟೆಲಿವಿಷನ್ ಸ್ಟುಡಿಯೋ. ಕಾರ್ಯಕ್ರಮ ನೇರ ಪ್ರಸಾರ. ಇಡೀ ದೇಶ ಬೀನ್ಸ್ ಟೋಸ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ನೋಡುವಂಥದ್ದು. ಹಾಡು ಟೇಪಿನಿಂದ ಬರುತ್ತದೆ, ತಂಡದವರು ನುಡಿಸುವ ಹಾಗೆ ನಟಿಸಬೇಕು. ಡೆನ್ಜಿಲ್‌ನ ಡ್ರಮ್ಮುಗಳಿಗೆ ಸದ್ದಡಗಿಸುವ ಬಟ್ಟೆ ಹೊದಿಸಿ, ಕಂಚಿನ ತಾಳಗಳನ್ನು ಬಿಚ್ಚಿ, ಸದ್ದು ಬಾರದ ಪ್ಲಾಸ್ಟಿಕ್ ತಾಳ ಸಿಕ್ಕಿಸಿದ್ದರು. ಆಟಿಕೆ ಅಂಗಡಿಯಲ್ಲಿ ಮಕ್ಕಳೂ ಬೇಡ ಅನ್ನುವಂಥವು.

"ನಗ್ತಾ ಇರಿ ಡೆನ್ಜಿಲ್," ಅಂದ ಗ್ಯಾರಿ. "ಆಗಾಗ ಕೋಲನ್ನ ಗಾಳೀಲಿ ತಿರುಗಿಸಿ."

"ಬಾಲಾನೂ ಅಲ್ಲಾಡಿಸ್ಲಾ ಮರಿ?"

"ನಿಮ್ಮಿಷ್ಟ," ಅಂದು ಗ್ಯಾರಿ ಹೊರಟೇಹೋದ.

ಆ 'ನಿಮ್ಮಿಷ್ಟ' ಕೇಳಿದಾಗಲೇ ಡೆನ್ಜಿಲ್ ತೀರ್ಮಾನಿಸಿಬಿಟ್ಟ. ಬಾರಿಸುವ ಥರ ತಾನೇ ಮಾಡಬೇಕು? ಮಾಡುತ್ತೇನೆ. ಟೇಪು ನಾಲ್ಕರಲ್ಲಿ ಹೋಗಲಿ, ನಾನು ಏಳರಲ್ಲಿ ಬಾರಿಸುತ್ತೇನೆ. ನನ್ನ ಕೈಗೂ ಕೇಳುವ ಸದ್ದಿಗೂ ತಾಳಮೇಳವಿಲ್ಲ ಅಂತ ಕಣ್ಣಿದ್ದವರೆಲ್ಲ ನೋಡಲಿ. ಡಬ್ಬದ ಮುಂದೆ ಕುಣಿಯುವ ಈ ಮಂಗಗಳ ಬಣ್ಣ ಬಯಲಾಗಲಿ. ಅವರೇನು ನನ್ನ ಕಡೆ ತಿರುಗಿ ನೋಡುವುದೂ ಇಲ್ಲ, ಡಬ್ಬವನ್ನೇ ನೆಚ್ಚಿಕೊಂಡು ಕೊನೆವರೆಗೂ ಹೋಗುತ್ತಾರೆ. ಹಾಳಾಗಿಹೋಗಲಿ, ನನಗೇನು.

ಕೆಂಪು ದೀಪ ಹತ್ತಿತು. ಟೇಪು ಶುರುವಾಯಿತು. ಮುಂದೆ ನಿಂತ ಹುಡುಗ ಹುಡುಗಿಯರು, ಚಪ್ಪಾಳೆ ತಟ್ಟಿ ಅಂದದ್ದಕ್ಕೆ ತಟ್ಟಿದರು. ಡೆನ್ಜಿಲ್ ಏಳು ಎಣಿಸುತ್ತಾ ಬಾರಿಸಿದ. ಹೊಸ ಹಾಡಿನ ಮೇಲೆ ಹಳೇ ಗಂಟೆ ಎರಕದವನ ನಡೆ. ಸದ್ದಿಲ್ಲದ ಪ್ಲಾಸ್ಟಿಕ್ಕಿನ ಮೇಲೆ ಅವನು ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬಾರಿಸಿರಲಿಲ್ಲ. ಮೊದಲ ಚರಣ ಕಳೆಯಿತು. ಯಾರಿಗೂ ಏನೂ ತಿಳಿಯಲಿಲ್ಲ. ಕುರಿಗಳು, ಅಂದುಕೊಂಡು ಅವನು ಹಲ್ಲು ಕಚ್ಚಿದ.

ಆಗ ಮೇಲಿಂದ ಬಲೂನು ಸುರಿಸಿದರು. ಹುಡುಗಿಯರು ಕಿರುಚಿದರು, ಟೇಪಿನ ಸದ್ದು ಆ ಗಲಾಟೆಯಲ್ಲಿ ಮುಳುಗಿತು, ಒಂದು ಹಳದಿ ಬಲೂನು ಪಿಯರ್ಸ್‌ನ ಮೂಗಿಗೇ ಬಡಿಯಿತು. ಅವನಿಗೆ ಸಾಲು ತಪ್ಪಿತು. ತುಟಿ ಅಲ್ಲಾಡಿಸುತ್ತಾ ಒಂದು ಕ್ಷಣ ಗಾಬರಿಯಾದ. ಗಾಬರಿಯಾದವನು ಹದಿನೈದು ವರ್ಷ ಏನು ಮಾಡಿದ್ದನೋ ಅದನ್ನೇ ಮಾಡಿದ: ಹಿಂದೆ ತಿರುಗಿ ಡೆನ್ಜಿಲ್‌ನ ಎಡಗೈ ನೋಡಿದ.

ಎಡಗೈ ಆಗಲೇ ಕಿವಿಯ ಮಟ್ಟಕ್ಕೆ ಎದ್ದಿತ್ತು. ಏಳರ ಲೆಕ್ಕದಲ್ಲಿ ಅದು ಏಳುವ ಸಮಯವಾಗಿತ್ತು, ಎದ್ದಿತ್ತು.

ಪಿಯರ್ಸ್‌ನ ಮುಖದಲ್ಲಿ ನೆಮ್ಮದಿ ಬಂದದ್ದನ್ನು ಡೆನ್ಜಿಲ್ ಕಣ್ಣಾರೆ ಕಂಡ. ಕ್ಯಾಮೆರಾಗೆ ತಿರುಗಿ ಪಿಯರ್ಸ್ ಬಾಯಿ ದೊಡ್ಡದಾಗಿ ತೆರೆದು, ತೋಳು ಚಾಚಿ, "ಇವತ್ತು ರಾತ್ರಿ" ಶುರು ಮಾಡಿದ. ಟೇಪಿನಲ್ಲಿ ಅವನದೇ ದನಿ ಇನ್ನೂ ಟೆಲಿಫೋನಿನ ಹತ್ತಿರವೇ ಇತ್ತು. ಅದರ ಹಿಂದೆಯೇ ಮಾಲ್ಕಮ್‌ನ ಬಿಳಿ ಬೂಟು ಏಳರ ಲೆಕ್ಕಕ್ಕೆ ಬಿತ್ತು. ಕ್ವೆಂಟಿನ್‌ನ ಒಂದು ಬೆರಳು ಹತ್ತಾಯಿತು. ಮೂವರೂ ಡೆನ್ಜಿಲ್‌ನ ಹಿಂದೆ ಒಂದೇ ಮೈಯಾಗಿ ನಡೆದರು, ಟೇಪು ಮಾತ್ರ ತನ್ನ ಪಾಡಿಗೆ ತಾನು ಬೇರೆ ಕಡೆ ಹೋಯಿತು. ಕೊನೆಗೆ ಪಿಯರ್ಸ್ ಬಾಯಿ ಮುಚ್ಚಿ ಮುಗುಳ್ನಗುತ್ತಾ ನಿಂತಾಗ ಅವನ ದನಿ ಇನ್ನೂ ಹಾಡುತ್ತಲೇ ಇತ್ತು. ಮುಂದಿನ ಸಾಲಿನ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರೂಪಕ ಬಂದು, "ಈ ಅಜ್ಜಂದಿರಿಗೆ ಯಾರಾದ್ರೂ ಮಾತ್ರೆ ಕೊಡ್ರಪ್ಪಾ" ಅಂದ. ದೇಶ ನಕ್ಕಿತು.

ಡೆನ್ಜಿಲ್ ಬಯಸಿದ್ದು ಇದನ್ನೇ. ಆದರೆ ಬಾಯೆಲ್ಲ ಕಹಿಯಾಗಿತ್ತು.

ಮೇಕಪ್ ಕೋಣೆಗೆ ಗ್ಯಾರಿ ಬೆಂಕಿಯ ಹಾಗೆ ನುಗ್ಗಿದ. "ಮುಗೀತು! ಗಂಟುಮೂಟೆ ಕಟ್ಟಿ! ಬಾಯಿ ಅಲ್ಲಾಡ್ಸೋಕೂ ಬರಲ್ವೇನ್ರೀ ನಿಮಗೆ?"

"ನಿಮ್ಮ ಟೇಪ್ ತಪ್ಪು ಓಡಿತು," ಅಂದ ಪಿಯರ್ಸ್. ಗುಲಾಬಿ ಕೋಟಿನ ಕಂಕುಳು ಬೆವರಿ ಒದ್ದೆಯಾಗಿತ್ತು. ಆದರೆ ದನಿ ಬಿಷಪ್ಪನದು.

"ಟೇಪ್ ತಪ್ಪು ಓಡುತ್ತೇನ್ರೀ?"

"ಓಡುತ್ತೋ ಬಿಡುತ್ತೋ ನಂಗೊತ್ತಿಲ್ಲ. ನಾನು ಡೆನ್ ಕೈ ನೋಡ್ದೆ. ಆ ಕೈ ತಪ್ಪಿದ್ದು ನನ್ನ ಜನ್ಮದಲ್ಲಿ ನೋಡಿಲ್ಲ."

"ನಾನೂ ನೋಡ್ದೆ," ಅಂದ ಮಾಲ್ಕಮ್. "ಲೀಡ್ಸ್‌ನಲ್ಲಿ ಕತ್ತಲಲ್ಲೇ ತಪ್ಪದವನು ಕಣಯ್ಯಾ ಇವನು. ನಿನ್ನ ಡಬ್ಬ ಕೆಟ್ಟಿರುತ್ತೆ, ಹೋಗಿ ನೋಡ್ಕೋ."

ಕ್ವೆಂಟಿನ್ ತಲೆಯಾಡಿಸಿದ. "ಆ ಡಬ್ಬದ ಮೇಲೆ ನಂಗೆ ಮೊದಲಿಂದ್ಲೂ ಅನುಮಾನ."

ಡೆನ್ಜಿಲ್ ಬಾಗಿಲ ಪಕ್ಕ ನಿಂತಿದ್ದ. ಕೈಯಲ್ಲಿ ಕಿತ್ತುಕೊಂಡು ಬಂದಿದ್ದ ಒಂದು ಪ್ಲಾಸ್ಟಿಕ್ ತಾಳ ಇತ್ತು, ಯಾಕೆ ತಂದನೋ ಅವನಿಗೇ ಗೊತ್ತಿರಲಿಲ್ಲ. ಅವನು ಮಂಗಗಳು ಅಂದಿದ್ದ ಮೂವರು ಅವನಿಗಾಗಿ ಕಂಪನಿಯವನ ಮೇಲೆ ಎಗರಿಬೀಳುತ್ತಿದ್ದರು.

ಗ್ಯಾರಿ ಕ್ಯಾಸೆಟ್ ಪ್ಲೇಯರ್ ತಂದು ಮೇಜಿನ ಮೇಲೆ ಕುಕ್ಕಿದ. "ಕೇಳಿ. ನೀವೇ ಕೇಳಿ. ಅದೇ ಟೇಪಿನ ಪ್ರತಿ." ಗುಂಡಿ ಒತ್ತಿದ.

ಟಪ್ ಟಪ್ ಟಪ್ ಟಪ್. ಪಿಯರ್ಸ್ ಕಣ್ಣು ಮುಚ್ಚಿ, ತಲೆ ಬಗ್ಗಿಸಿ, ಚರ್ಚಿನಲ್ಲಿ ಕೂತವನ ಹಾಗೆ ಕೇಳಿದ. ಮಾಲ್ಕಮ್‌ನ ಬೂಟು ಮೆಲ್ಲಗೆ ತಾಳ ಹಾಕಿತು. ಒಂದು ಎರಡು ಮೂರು ನಾಲ್ಕು. ಎಲ್ಲೂ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಾಡು ಮುಗಿಯಿತು. ಕ್ವೆಂಟಿನ್ ಗೋಡೆ ನೋಡಿದ.

"ಇನ್ನೊಂದ್ಸಲ ಹಾಕು," ಅಂದ ಪಿಯರ್ಸ್. "ಬಲೂನು ಬಿದ್ದ ಕಡೆ ಎಲ್ಲೋ ಇದೆ. ನಂಗೆ ಸಿಕ್ತಿಲ್ಲ ಅಷ್ಟೆ."

ಎರಡನೇ ಸಲವೂ ಓಡಿತು. ಈ ಸಲ ಮಾಲ್ಕಮ್‌ನ ಬೂಟು ನಡುವೆಯೇ ನಿಂತುಬಿಟ್ಟಿತು. ಅವನು ತಲೆ ಎತ್ತಿ ಡೆನ್ಜಿಲ್‌ನ ಮುಖ ನೋಡಿದ. ಒಂದೇ ಬೆಂಚಿನವನು, ಅವನಿಗೆ ತಿಳಿದುಹೋಗಿತ್ತು.

ಪಿಯರ್ಸ್ ಮಾತ್ರ ಕಣ್ಣು ತೆರೆದಿರಲಿಲ್ಲ. ಇಲ್ಲದ ಆ ಗದ್ದವನ್ನು ಎದೆಗೊತ್ತಿಕೊಂಡು, ಎಲ್ಲ ಸರಿಯಾಗಿದ್ದ ಆ ದರಿದ್ರ ಹಾಡಿನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತಿದ್ದ. "ಇನ್ನೊಂದ್ಸಲ," ಅಂದ.

ಥೂ ನನ್ನ ಜನ್ಮಕ್ಕೆ, ಅನ್ನಿಸಿತು ಡೆನ್ಜಿಲ್‌ಗೆ. ಮೊದಲ ಬಾರಿಗೆ ಆ ಉಗುಳು ಬೀಳಬೇಕಾದ ಕಡೆಗೇ ಬಿದ್ದಿತ್ತು.

"ಸಾಕು ಬಿಡು ಪಿಯರ್ಸ್," ಅಂದ. "ಟೇಪ್ ಸರಿಯಾಗೇ ಇದೆ."

ಪಿಯರ್ಸ್ ಕಣ್ಣು ಬಿಟ್ಟ. ಅರ್ಥವಾಗದೆ, ಅಭ್ಯಾಸಬಲದಿಂದ, ಡೆನ್ಜಿಲ್‌ನ ಎಡಗೈ ನೋಡಿದ.