ಬ್ಯಾರನ್ನಿನ ಬಾಗಿಲು

ಬಾಗಿಲು ಮತ್ತೆ ಮುಚ್ಚಿಕೊಂಡಿತು. ಪಟ್ಟಾಭಿರಾಮ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಮೇಜಿನ ಮೇಲಿದ್ದದ್ದು ಬ್ಯಾರನ್ನಿನ, ಅಂದರೆ ಹೊಗೆಸೊಪ್ಪನ್ನು ಒಲೆಯ ಶಾಖದಲ್ಲಿ ಬೇಯಿಸಿ ಒಣಗಿಸುವ ಮನೆಯ ಮಾದರಿ. ರಟ್ಟಿನ ಗೋಡೆ, ಒಳಗೆ ಒಲೆಯ ಬದಲಿಗೆ ಅರವತ್ತು ವ್ಯಾಟಿನ ಬಲ್ಬು, ಪೊರಕೆಕಡ್ಡಿಗೆ ಕಟ್ಟಿದ ಎಲೆಚೂರುಗಳು. ಶಾಖ ಐವತ್ತು ಡಿಗ್ರಿ ದಾಟಿದರೆ ಕಂಪ್ಯೂಟರು ಬಲ್ಬನ್ನು ಆರಿಸಬೇಕು, ಪುಟ್ಟ ಮೋಟಾರಿನಿಂದ ಬಾಗಿಲು ತೆರೆಸಬೇಕು. ಈ ವರ್ಷವಷ್ಟೇ ಅರಕಲಗೂಡಿಗೆ ವರ್ಗವಾಗಿ ಬಂದಿದ್ದ ಮೇಷ್ಟ್ರು ಏಳನೇ ತರಗತಿಯವರಿಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿಸಿದ್ದರು. ನಾಗಲಕ್ಷ್ಮಿ ಎಲ್ಲ ಸಾಲುಗಳನ್ನೂ ಸರಿಯಾಗಿ ಬರೆದು, ಕೊನೆಯದನ್ನು ಮಾತ್ರ ತಿರುವುಮುರುವು ಮಾಡಿದ್ದಳು.

"ಮುಚ್ಚಿಕೊಂಡರೆ ಶಾಖ ಎಲ್ಲಿಗಮ್ಮ ಹೋಗುತ್ತೆ?"

"ಮುಚ್ಕಬೇಕು ಸಾ."

"ಸೊಪ್ಪು ಬೆಂದು ಉಪ್ಸಾರಾಯ್ತದೆ ಕಣಮ್ಮಿ," ಎಂದು ಜೊತೆಗಾರ ಭೀಮ ನಕ್ಕ.

ಬಿಸಿ ಗಾಳಿ ಹೇಗೆ ಮೇಲೇರಿ ಹೊರಹೋಗುತ್ತದೆಂದು ಮೇಷ್ಟ್ರು ಬೋರ್ಡಿನ ಮೇಲೆ ಬಾಣಗಳನ್ನೆಳೆದು ವಿವರಿಸಿದರು. ಅವಳು ಬಾಣಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಅವರೇ ಕೀಬೋರ್ಡನ್ನು ಎಳೆದುಕೊಂಡು ಆ ಒಂದು ಸಾಲು ತಿದ್ದಿದರು. ಈ ಸಲ ಬಾಗಿಲು ತೆರೆಯಿತು.

"ನೋಡು. ಇದು ಹಿಂಗೇ ನಡೆದರೆ ಹಾಸನದ ವಸ್ತುಪ್ರದರ್ಶನದಲ್ಲಿ ಗೆದ್ದು ರಾಜ್ಯಮಟ್ಟಕ್ಕೆ ಹೋಗ್ತೀರಿ."

"ಆಗ್ಲಿ ಸಾ," ಎಂದಳು.

ಆಮೇಲೆ ಅವರು ಹಾಜರಿ ಪುಸ್ತಕ ನೋಡಿಕೊಂಡು ವಸ್ತುಪ್ರದರ್ಶನದ ಅರ್ಜಿಯನ್ನು ದುಂಡಗಿನ ಅಕ್ಷರದಲ್ಲಿ ತುಂಬಿದರು: ನಾಗಲಕ್ಷ್ಮಿ, ತಂದೆ ದಿವಂಗತ ಸಣ್ಣಯ್ಯ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಸೋಮವಾರ ಹಾಸನದ ಸಭಾಂಗಣದಲ್ಲಿ ತೀರ್ಪುಗಾರ್ತಿ ರಂಗನಾಯಕಿ ಮೇಜಿನ ಮುಂದೆ ಬಂದು ನಿಂತಾಗ ಭೀಮ ಸ್ವಿಚ್ಚು ಒತ್ತಿದ. ಪರದೆಯ ಮೇಲೆ ಅಂಕಿಗಳು ಒಂದೊಂದಾಗಿ ಏರಿದವು. ನಲವತ್ತೆಂಟು, ನಲವತ್ತೊಂಬತ್ತು, ಐವತ್ತು. ಐವತ್ತೊಂದಕ್ಕೆ ಬಲ್ಬು ಆರಿತು. ಬಾಗಿಲು ಒಂದು ಎಳೆಯಷ್ಟು ಸರಿಯುತ್ತಿದ್ದಂತೆ ನಾಗಲಕ್ಷ್ಮಿ ಅದನ್ನು ತೋರುಬೆರಳಿನಿಂದ ಒತ್ತಿ ಹಿಡಿದಳು. ಮೋಟಾರು ಗುಂಯ್‌ಗುಟ್ಟಿತು.

"ಲೇ, ಬುಡಮ್ಮಿ. ಮಾರ್ಕ್ಸ್ ಓಯ್ತದೆ," ಭೀಮ ಪಿಸುಗುಟ್ಟಿದ.

"ಯಾಕೆ ಹಿಡ್ಕೊಂಡಿದ್ದೀ ಮಗು?" ರಂಗನಾಯಕಿ ಕೇಳಿದರು.

ಅವಳು ಒಮ್ಮೆ ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಕಡೆ ನೋಡಿದಳು.

"ಬಾಕ್ಲು ತೆಗ್ದಿದ್ರೆ ಒಳಕ್ಕೋಯ್ತಾರೆ ಮೇಡಂ. ಸೊಪ್ಪು ಬಾಚ್ಕಳಾಕೆ. ಓದ್ ವರ್ಸ ಬ್ಯಾರನ್ನಿಗೆ ಬೆಂಕಿ ಬಿದ್ದಾಗ ನಮ್ಮಪ್ಪ ಅಂಗೇ ಓದ್ರು."

ಭೀಮ ತನ್ನ ಕಾಲ್ಬೆರಳುಗಳನ್ನು ನೋಡತೊಡಗಿದ. ರಂಗನಾಯಕಿಯ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

"ಪ್ರೋಗ್ರಾಮ್ ಬರೆದದ್ದು ಯಾರು?"

"ನಾನೇ ಮೇಡಂ. ಕಡೇ ಸಾಲು ಮಾತ್ರ ಮೇಷ್ಟ್ರುದು."

ಪಟ್ಟಾಭಿರಾಮ ಮೇಷ್ಟ್ರು ಮೇಜಿನ ಕೆಳಗೆ ಬಗ್ಗಿ ಮೋಟಾರಿನ ತಂತಿಯನ್ನು ಎಳೆದುಬಿಟ್ಟರು. ಸದ್ದು ನಿಂತಿತು.

ಪರದೆಯ ಮೇಲೆ ಅಂಕಿಗಳು ಇಳಿಯುತ್ತಿದ್ದವು. ನಲವತ್ತಾಯಿತು, ಮೂವತ್ತೈದಾಯಿತು. ನಾಗಲಕ್ಷ್ಮಿಯ ಬೆರಳು ಬಾಗಿಲ ಮೇಲೆಯೇ ಇತ್ತು.