ಮಲಾಕಿ ತೆಗೆದುಕೊಂಡ ಒಂದು ಅಂಕ

ಮಲಾಕಿ ಕಡಿಹಿ ನಡೆದು ಬರುವುದನ್ನು ದೂರದಿಂದ ಕಂಡವರಿಗೆ, ಆತ ಯಾವುದೋ ನಿದ್ದೆಯೊಳಗಿನಿಂದ ಮೆಲ್ಲನೆ ಎದ್ದು ಬರುತ್ತಿರುವಂತೆ ತೋರುತ್ತಿತ್ತು. ಎಡ ಹೆಗಲು ಒಂದಿಷ್ಟು ಮುಂದೆ, ತಲೆ ಒಂದಿಷ್ಟು ಓರೆ, ಹೆಜ್ಜೆಯಲ್ಲಿ ಅವಸರವೆಂಬುದೇ ಇಲ್ಲ; ತೀರಿಹೋದ ತಂದೆಯ ಕಂದು ಬಣ್ಣದ ಉದ್ದ ಕೋಟು ಮೊಣಕಾಲಿನ ಕೆಳಗೆ ತನ್ನದೇ ಲಯದಲ್ಲಿ ತೂಗುತ್ತ, ದಾರಿಯ ತಿರುವುಗಳಲ್ಲಿ ಅವನಿಗಿಂತ ಅರೆಕ್ಷಣ ತಡವಾಗಿ ತಿರುಗುತ್ತಿತ್ತು. ಇಂಥ ಮನುಷ್ಯ ನಮ್ಮ ಕಡೆಯ ಕೋಲು-ಚೆಂಡಿನ ಆಟವಾದ ಹರ್ಲಿಂಗಿನ ಕೋಲು ಕೈಗೆ ಬಂದೊಡನೆ ಮಿಂಚಾಗುವುದು ಹೇಗೆಂಬುದು ನಮ್ಮ ನಾಕ್‌ಬ್ರೀನ್ ಊರಿಗೆ ಎಂದೂ ಬಗೆಹರಿಯಲಿಲ್ಲ.

ಹಾಲಿನ ಲಾರಿ ಓಡಿಸುವುದು ಅವನ ಕೆಲಸ. ಬೇಸಿಗೆಯ ಸಂಜೆಗಳಲ್ಲಿ, ಬೆಳಕು ಹೋಗಲೊಲ್ಲದೆ ಹುಲ್ಲುಗಾವಲುಗಳ ಮೇಲೆ ಹಾಗೆಯೇ ಮಲಗಿರುವ ಹೊತ್ತಿನಲ್ಲಿ, ಅವನು ಹಳೆಯ ಡೇರಿಯ ಗೋಡೆಗೆ ಚೆಂಡು ಹೊಡೆಯುತ್ತಿದ್ದ. ಗೋಡೆಯ ಮೇಲೊಂದು ಮಂದ ಸದ್ದು, ಮರದ ಮೇಲೊಂದು ಚುರುಕಾದ ಸದ್ದು. ಅದನ್ನು ಕೇಳುತ್ತ ಮಕ್ಕಳು ನಿದ್ದೆಹೋಗುತ್ತಿದ್ದವು; ಸದ್ದು ನಿಂತರೆ ಎಚ್ಚರವಾಗಿ ಅಳುತ್ತಿದ್ದವು ಎಂದು ನನ್ನ ತಾಯಿ ಹೇಳುವುದುಂಟು.

ಯಾರು ಏನು ಕೇಳಿದರೂ "ಗಾಳಿ ನೋಡ್ಬೇಕು" ಎನ್ನುವುದು ಅವನ ರೂಢಿ. ಪಂದ್ಯ ಗೆಲ್ಲುತ್ತೀರಾ ಎಂದರೂ ಅದೇ, ಆಲೂಗಡ್ಡೆ ಯಾವಾಗ ಕೀಳುತ್ತೀ ಎಂದರೂ ಅದೇ. ಎಷ್ಟೋ ವರ್ಷ ಅವನಿಗಾಗಿ ಕಾದ ನೋರಾ, ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲೇ ತಡೆದು, "ಗಾಳಿ ನಿಂತು ಬಹಳ ದಿನ ಆಯ್ತು ಕಣೋ ಮಲಾಕಿ. ಫಾದರ್ ಒಳಗೇ ಇದಾರೆ, ಮಾತಾಡ್ತೀಯೋ ಇಲ್ವೋ?" ಎಂದಳಂತೆ. ಆ ಚಳಿಗಾಲದಲ್ಲೇ ಮದುವೆಯಾಯಿತು.

ಕೌಂಟಿಯ, ಎಂದರೆ ನಮ್ಮ ಜಿಲ್ಲೆಯ ತಂಡದ, ಬಣ್ಣ ತೊಟ್ಟು ಅವನು ಡಬ್ಲಿನ್ನಿನ ದೊಡ್ಡ ಮೈದಾನದಲ್ಲಿ ಮೂರು ಸಲ ದೇಶದ ಪಟ್ಟ ಗೆದ್ದ. ಪದಕಗಳನ್ನು ತಾಯಿಗೆ ಕೊಟ್ಟುಬಿಟ್ಟ. ಆಕೆ ಮೂರನ್ನೂ ಸಂತ ಅಂತೋಣಿಯ ಪ್ರತಿಮೆಯ ಕೊರಳಿಗೆ ಹಾಕಿದಳು. "ಕಳೆದದ್ದು ಹುಡುಕಿಕೊಡೋನೇ ಇಟ್ಕೊಂಡಿದ್ರೆ ಕಳೆಯೋದು ಎಲ್ಲಿಂದ ಬಂತು?" ಎಂಬುದು ಆಕೆಯ ತರ್ಕ. ಆದರೆ ಕೌಂಟಿಯ ಊರುಗಳು ತಮ್ಮತಮ್ಮಲ್ಲಿ ಸೆಣಸುವ ಕಪ್ಪನ್ನು ನಾಕ್‌ಬ್ರೀನ್ ಎಂಬ ಊರು ಒಮ್ಮೆಯೂ ಗೆದ್ದಿರಲಿಲ್ಲ. ಆಟಗಾರನಿಗೆ ದೇಶದ ಪಟ್ಟಕ್ಕಿಂತ ಹುಟ್ಟಿದೂರಿನ ಕಪ್ಪು ದೊಡ್ಡದು. ಮಲಾಕಿ ಅದನ್ನು ಬಾಯಿಬಿಟ್ಟು ಹೇಳಿದವನಲ್ಲ; ಆದರೆ ಕೌಂಟಿ ತಂಡದಿಂದ ನಿವೃತ್ತನಾದ ಮೇಲೂ, ಮೊಣಕಾಲು ಬಗ್ಗದ ವಯಸ್ಸಿನಲ್ಲೂ, ಊರ ತಂಡಕ್ಕೆ ಆಡುತ್ತಲೇ ಉಳಿದದ್ದು ಅದೊಂದಕ್ಕಾಗಿಯೇ.

ಹೋದ ಅಕ್ಟೋಬರಿನಲ್ಲಿ ನಾವು ಫೈನಲ್ ತಲುಪಿದೆವು. ಎದುರಾಳಿ ನದಿಯಾಚೆಯ ಬ್ಯಾಲಿಡಾರ. ಮಂಜು ಮೈದಾನದ ಮೇಲೆ ತೆಳುವಾಗಿ ಇಳಿದು, ಆಟಗಾರರು ಅದರೊಳಗೆ ಮುಳುಗುತ್ತ ಏಳುತ್ತ ಇದ್ದರು. ಕೊನೆಯ ನಿಮಿಷ, ನಾವು ಒಂದು ಅಂಕ ಹಿಂದೆ. ಗೋಲಿನ ಎದುರಿಗೇ ನಮಗೊಂದು ಫ್ರೀ ಹೊಡೆತ ಸಿಕ್ಕಿತು. ಅಡ್ಡಪಟ್ಟಿಯ ಮೇಲಿಂದ ಹಾಯಿಸಿದರೆ ಒಂದು ಅಂಕ, ಪಂದ್ಯ ಸಮ, ಮುಂದಿನ ಭಾನುವಾರ ಮರುಪಂದ್ಯ. ಕೆಳಗಿಂದ ಬಲೆಗೆ ಹೊಡೆದರೆ ಮೂರು ಅಂಕ, ಕಪ್ಪು ನಮ್ಮದು. ಗೋಲಿನ ಬಾಯಲ್ಲಿ ಬ್ಯಾಲಿಡಾರದವರು ಗೋಡೆಯಂತೆ ನಿಂತರು. ಅಂಥ ಗೋಡೆಗಳನ್ನು ಸೀಳಿಯೇ ಮಲಾಕಿ ಹೆಸರಾದವನು.

"ಬಲೆಗೆ ಹೊಡಿಯೋ ಮಲಾಕಿ!" ಎಂದು ಊರಿಗೆ ಊರೇ ಕೂಗಿತು.

ಅವನು ಬಾಗಿ, ಕೋಲಿನ ತುದಿಯಿಂದ ಚೆಂಡನ್ನೆತ್ತಿ, ತೊಟ್ಟಿಲು ತೂಗುವಷ್ಟೇ ಬಲದಿಂದ ಪಟ್ಟಿಯ ಮೇಲೆ ಹಾಯಿಸಿದ. ಒಂದು ಅಂಕ. ಆಟ ಮುಗಿದ ಸೀಟಿ ಕೇಳಿಸಿತು. ನಮ್ಮವರ ಕಡೆಯಿಂದಲೇ ಯಾರೋ, "ಮುದಿಯಾದೆ ಕಣೋ, ಹೋಗಿ ಹಾಲು ಹೊರು!" ಎಂದರು.

ಆ ಸಂಜೆ, ನಾನು ಲೋಟ ತೊಳೆಯುವ ಟ್ರೇಸಿಯವರ ಬಾರಿನಲ್ಲಿ, ಅವನು ಮೂಲೆಯಲ್ಲಿ ಕೋಟಿನ ಜೇಬಿಗೆ ಬಲಗೈ ಇಳಿಬಿಟ್ಟು ಕುಳಿತಿದ್ದ. ಚಹಾದ ಕಪ್ಪನ್ನು ಎಡಗೈಯಲ್ಲಿ ಎತ್ತುತ್ತಿದ್ದ. ತಂಡವನ್ನು ಪಳಗಿಸುವ ಮುದುಕ ಡಿನ್ನಿ ಅದನ್ನು ಕಂಡು, ಜೇಬಿನಿಂದ ಆ ಕೈಯನ್ನು ಹೊರಗೆಳೆದ. ಹೆಬ್ಬೆರಳು ನೀಲಿಗಟ್ಟಿ ಊದಿಕೊಂಡಿತ್ತು.

"ಯಾವಾಗ ಮುರೀತೋ ಇದು?"

"ಫ್ರೀ ಸಿಕ್ತಲ್ಲ, ಆಗ. ಕೋಲು ಬಿತ್ತು ಮೇಲೆ."

"ಅಯ್ಯೋ ಪೆದ್ದ! ಮುರಿದಿದ್ರೆ ಹೊಡೆದೇಬಿಡ್ಬೇಕಿತ್ತು ಕಣೋ! ಮುಂದಿನ ಭಾನುವಾರ ನೀನಿರಲ್ವಲ್ಲೋ!"

"ಜೋರಾಗಿ ಹೊಡೆದಿದ್ರೆ ಹೋಗ್ತಿತ್ತೇನೋ, ಇಲ್ವೇನೋ" ಎಂದ ಮಲಾಕಿ. "ನಾನಿರಲ್ಲ, ಸರಿ. ಉಳಿದ ಹದಿನಾಲ್ಕು ಜನ ಇರ್ತಾರಲ್ಲ ಡಿನ್ನಿ. ನನ್ನ ಜಾಗಕ್ಕೆ ಕೊನ್ ಇದಾನೆ. ಕಾಲು ಚೆನ್ನಾಗಿದೆ ಅವನದು."

ಡಿನ್ನಿ ಬಹಳ ಹೊತ್ತು ಆ ಕೈಯನ್ನು ಬಿಡಲೇ ಇಲ್ಲ. ಆಮೇಲೆ, "ನೋರಾ ನನ್ನ ಕೊಲ್ತಾಳೆ. ಏಳು, ಆಸ್ಪತ್ರೆಗೆ" ಎಂದ.

ಮರುಪಂದ್ಯವನ್ನು ನಾವು ಎರಡು ಅಂಕದಿಂದ ಗೆದ್ದೆವು. ಕೊನ್ ಚೆನ್ನಾಗಿಯೇ ಆಡಿದ. ಕಪ್ಪು ಕೊಡುವ ಹೊತ್ತಿಗೆ ತಂಡದವರು ಮಲಾಕಿಯನ್ನು ಹುಡುಕಿದರು, ಅವನಿರಲಿಲ್ಲ. ಗೆದ್ದ ತಂಡ ಊರ ಗಡಿಯ ಸೇತುವೆಯಲ್ಲಿ ಬಸ್ಸಿಳಿದು ನಡೆದೇ ಒಳಬರಬೇಕು, ಊರವರು ಅಲ್ಲಿ ಬೆಂಕಿ ಹಚ್ಚಿ ಕಾಯಬೇಕು ಎಂಬುದು ಸುತ್ತಲ ಊರುಗಳ ಪದ್ಧತಿ. ನಮ್ಮೂರಿನಲ್ಲಿ ಅದುವರೆಗೆ ಅಂಥ ಬೆಂಕಿಯನ್ನು ಒಟ್ಟಿದವರೇ ಇರಲಿಲ್ಲ. ಮುಸ್ಸಂಜೆಯಲ್ಲಿ ನಾವು ಸೇತುವೆಗೆ ಬಂದಾಗ, ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೊತ್ತಿಕೊಂಡು, ಎಡಗೈಯಿಂದ ಅವನು ಮುಳ್ಳುಪೊದೆಯ ಕಡ್ಡಿಗಳನ್ನು ಒಟ್ಟುತ್ತಿದ್ದ. ನೋರಾ ಬೆಂಕಿಪೊಟ್ಟಣ ಹಿಡಿದು, "ಸಾಕು ಮಾಡೋ, ಬರೋರ ಹುಬ್ಬು ಸುಟ್ಟೀಯ!" ಎಂದು ಬೈಯುತ್ತಿದ್ದಳು.

ಬಸ್ಸು ನಿಂತಿತು. ಕಪ್ಪು ಎತ್ತಿಹಿಡಿದು ಹುಡುಗರು ಬೆಳಕಿನೊಳಗೆ ನಡೆದು ಬಂದರು. ಮಲಾಕಿ ಕೌಂಟಿ ತಂಡದೊಡನೆ ಎಷ್ಟೋ ಕಪ್ಪುಗಳನ್ನು ಹೊತ್ತು ತಂದವನು. ಕಪ್ಪೊಂದು ತನ್ನತ್ತ ಬರುವುದನ್ನು ಜನರ ನಡುವೆ ನಿಂತು ನೋಡಿದ್ದು ಅದೇ ಮೊದಲು. ಬಾಯಿ ತೆರೆದು, ಕೂಸು ನೋಡುವಂತೆ ನೋಡಿದ.

ಗೆಲ್ಲಿಸಿದವರ ಹೆಸರನ್ನು ಊರು ಫಲಕಗಳ ಮೇಲೆ ಕೆತ್ತಿಸುತ್ತದೆ. ಇನ್ನೊಂದು ಬಗೆಯವರಿದ್ದಾರೆ: ಸೋಲನ್ನು ಒಂದು ವಾರದ ಮಟ್ಟಿಗೆ ಆಚೆ ತಳ್ಳಿ, ಆ ವಾರವನ್ನು ಉಳಿದವರಿಗೆ ಕೊಟ್ಟು, ತಾವು ಪಕ್ಕಕ್ಕೆ ಸರಿಯುವವರು. ಅವರನ್ನು ಯಾವ ಫಲಕದಲ್ಲೂ ಹುಡುಕಬಾರದು. ಮನೆಗೆ ಬರುವವರಿಗೆ ದಾರಿ ಕಾಣಲೆಂದು ಯಾರೋ ಹಚ್ಚಿಟ್ಟ ಬೆಂಕಿಯ ಹಿಂದೆ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಅವರು ನಿಂತಿರುತ್ತಾರೆ.